ಎರಡನೆಯ ಒಪ್ಪಿಗೆ

೨೨ನೇ ತಾರೀಖು, ಶನಿವಾರ ಮಧ್ಯಾಹ್ನ
ಮನೆಯಿಂದ

ಪ್ರೀತಿಯ ಪಟಾಕಿ,

ನಿನ್ನ ಪತ್ರ ಬಂದು ಆರು ವಾರವಾಯಿತು. ಬಯ್ಯಬೇಕೆನಿಸಿದರೆ ಮೊದಲು ಮನಸಾರೆ ಬಯ್ದುಬಿಡು, ಆಮೇಲೆ ಕೂತು ಓದು. ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ. ಚೆನ್ನಾಗಿಲ್ಲ ಎಂದರೆ ಸಿಕ್ಕಿದ ಬಸ್ಸು ಹತ್ತಿ ಬಾಗಿಲಲ್ಲಿ ಬಂದು ನಿಲ್ಲುವವಳು. ಹಾಗಾಗಿ ಮಂಡಿನೋವು ಇದ್ದ ಹಾಗೇ ಇದೆ, ನಾಲಿಗೆಯೂ ಇದ್ದ ಹಾಗೇ ಇದೆ ಎಂದಷ್ಟೇ ತಿಳಿದುಕೋ. ತಂಗಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಾಳೆ. ಯಾರಿಗೆ ಬರೀತಿದ್ದೀಯ ಎಂದು ಕೇಳಿದಳು, ಹೇಳಿದೆ. "ಅಂತೂ ಕೂತೆಯಲ್ಲ! ಆರು ವಾರದಿಂದ ಆ ಪತ್ರಾನ ಟೇಬಲ್ಲಿಂದ ಬೀರುಗೆ, ಬೀರುವಿಂದ ಟೇಬಲ್ಲಿಗೆ ಮೆರವಣಿಗೆ ಮಾಡಿಸ್ತಾ ಇದ್ದೆ" ಎಂದಳು. ಅವಳ ಬಾಯಿಗೆ ನಾನು ಸಾಟಿಯಲ್ಲ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಅವರ ದೊಡ್ಡ ಮಗಳು ನಿನ್ನನ್ನು ಅಮ್ಮ ಎಂದು ಕರೆಯಲು ಶುರುಮಾಡಿದಳು ಎಂದು ಬರೆದಿದ್ದೀಯ. ಓದಿ ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ನಲವತ್ತೆಂಟನೇ ವಯಸ್ಸಿನಲ್ಲಿ ಮದುವೆಯಾಗಿ, ಬೆಳೆದು ನಿಂತ ಇಬ್ಬರು ಹುಡುಗಿಯರಿಗೆ ತಾಯಿಯಾಗುವ ಗುಂಡಿಗೆ ನಿನ್ನನ್ನು ಬಿಟ್ಟರೆ ಇನ್ಯಾರಿಗಿದೆ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ನಮ್ಮ ತಂಡದ ವೆಬ್‌ಸೈಟಿನಲ್ಲಿ ಒಂದು ವರದಿ ಹಾಕಿದ್ದಾರೆ, ಅದರಲ್ಲಿ ನಿನ್ನ ಪೂರ್ತಿ ಹೆಸರಿದೆ. 'ಮೂರು ವರ್ಷದ ಹಿಂದೆಯೇ ತಂಡ ಬಿಟ್ಟರೂ ಒಪ್ಪಿಗೆ ನೀಡುವ ಹಕ್ಕನ್ನು ಇಟ್ಟುಕೊಂಡಿದ್ದ ಈ ಹಳೆಯ ಸ್ವಯಂಸೇವಕಿ, ಅಂಧರ ತಂತ್ರಾಂಶದ ಹೊಸ ಆವೃತ್ತಿಯನ್ನು ಪರಿಶೀಲಿಸದೆ ಒಪ್ಪಿಗೆ ಕೊಟ್ಟರು. ವಿವರಣೆ ಕೇಳಿ ಮೂರು ಸಲ ಬರೆದರೂ ಉತ್ತರಿಸಲಿಲ್ಲ' ಎಂದಿದೆ. ನೀನು ಅರ್ಜಿ ಹಾಕಿದ ಗ್ರಂಥಾಲಯದವರು ಅದನ್ನು ಓದಿ, ಈ ತಿಂಗಳ ಮೂವತ್ತರೊಳಗೆ ವಿವರಣೆ ಕೊಟ್ಟರೆ ಸರಿ, ಇಲ್ಲದಿದ್ದರೆ ಮಾತಾಡುವ ಪುಸ್ತಕಗಳ ವಿಭಾಗದ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದಿದ್ದಾರೆ. ನೀನು ನನ್ನನ್ನು ಕೇಳಿದ್ದು ಎರಡೇ ಮಾತು. 'ಕೀಲಿಯನ್ನು ಹೊರಡುವ ದಿನ ಬಸ್ ನಿಲ್ದಾಣದಲ್ಲಿ ನಿನ್ನ ಕೈಗೇ ಕೊಟ್ಟಿದ್ದೆ, ನೆನಪಿದೆಯಾ? ಅವರು ಬರೆದ ಮೂರು ಪತ್ರ ಎಲ್ಲಿ ಹೋದವು?' ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೀಯ. 'ನಿನ್ನ ಕೈಯಿಂದ ಕೀಲಿ ಎಲ್ಲಾದರೂ ಕಳೆದುಹೋಗಿದ್ದರೆ ಹೇಳೇ, ನಾನು ಏನೂ ಅಂದುಕೊಳ್ಳಲ್ಲ.'

ಹೇಳುತ್ತೇನೆ. ಆದರೆ ನೀನು ಹೋದ ಮೇಲೆ ಇಲ್ಲಿ ಏನೇನಾಯಿತು ಎಂದು ಮೊದಲು ಕೇಳು. ಮೂರು ವರ್ಷದಲ್ಲಿ ನೀನಾಗಿ ಒಂದು ಸಲವೂ ಕೇಳಲಿಲ್ಲ.

ನಾವಿಬ್ಬರೂ ಅಂಧರ ಶಾಲೆಯ ಹಿಂದಿನ ಕೋಣೆಯಲ್ಲಿ, ಬ್ರೈಲ್ ಕಾಗದದ ಕಟ್ಟುಗಳ ನಡುವೆ ಕೂತು ಇದನ್ನು ಶುರುಮಾಡಿದಾಗ ಯಾರಿಗೆ ಗೊತ್ತಿತ್ತು, ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ನಮ್ಮ ತಂತ್ರಾಂಶ ಆರು ಸಾವಿರ ಕಂಪ್ಯೂಟರುಗಳಿಗೆ ಹೋಗುತ್ತದೆ ಎಂದು. ನಾನು ತರಗತಿಯ ಮಕ್ಕಳಿಗಾಗಿ ಮಾಡಿದೆ, ನೀನು ನನ್ನ ಹಟಕ್ಕಾಗಿ ಬಂದೆ. ಸಂಬಳವಿಲ್ಲ, ಆದ್ದರಿಂದ ಬಂದವರನ್ನೆಲ್ಲ ಬನ್ನಿ ಎಂದೆವು, ಹೋದವರಿಗೆ ಹೋಗಬೇಡಿ ಎನ್ನಲು ನಮಗೆ ಬಾಯಿಲ್ಲ. ಹೋದವರ ಹೆಸರು ಮಾತ್ರ ಪಟ್ಟಿಯಲ್ಲಿ ಹಾಗೇ ಉಳಿಯುತ್ತಿತ್ತು. ಒಬ್ಬ ಹೋದವನು ತನ್ನ ಪಾಸ್‌ವರ್ಡನ್ನು ಸ್ನೇಹಿತನಿಗೆ ಹೇಳಿ, ಆ ಮಹಾಶಯ ನಮ್ಮ ಪುಟದಲ್ಲಿ ಫ್ರಿಜ್ ಮಾರಾಟಕ್ಕೆ ಹಾಕಿದ್ದು ನೆನಪಿದೆಯಲ್ಲ? ಅವತ್ತು ನೀನು ನಕ್ಕೆ, ನನಗೆ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ನಾನು ಬೀಳ್ಕೊಡುಗೆಯ ಹಾಳೆ ಮಾಡಿದೆ. ಏಳು ಚೌಕ. ಮೇಲ್, ಕೋಡ್ ಇಡುವ ಜಾಗ, ವೆಬ್‌ಸೈಟು, ಬಳಕೆದಾರರ ಪಟ್ಟಿ, ಮಾತುಕತೆಯ ಗುಂಪು, ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಬಾಗಿಲು ತೆಗೆಯುವ ಆ ಬೆರಳುದ್ದದ ಕೀಲಿ, ಕೊನೆಗೆ ಹೋಗುವವರ ಸಹಿ. ಯಾರು ಹೋದರೂ ಅವತ್ತೇ ಏಳೂ ಚೌಕಕ್ಕೆ ಗುರುತು ಬೀಳಬೇಕು. ಆವತ್ತಿನಿಂದ ಎಲ್ಲರೂ ನನ್ನನ್ನು ಬೀಗದಕ್ಕ ಎಂದು ಕರೆಯತೊಡಗಿದರು. ನೀನು ಮಾಡಿದ್ದು ಇನ್ನೊಂದು ನಿಯಮ. ಬರೆದವರು ಒಬ್ಬರು, ನೋಡಿ ಒಪ್ಪುವವರು ಇನ್ನೊಬ್ಬರು. ಎರಡನೆಯ ಒಪ್ಪಿಗೆ ಇಲ್ಲದೆ ಒಂದು ಅಲ್ಪವಿರಾಮವೂ ಹೊರಗೆ ಹೋಗುವಂತಿಲ್ಲ. ನಿನ್ನ ನಿಯಮವೇ ನನ್ನದಕ್ಕಿಂತ ದೊಡ್ಡದು, ಅದನ್ನು ನಾನು ಯಾವತ್ತೂ ಒಪ್ಪಿದ್ದೇನೆ.

ನೀನು ಹೋದ ವರ್ಷವೇ ಮೇಷ್ಟ್ರನ್ನು ಕಳಿಸಬೇಕಾಯಿತು. ಅವರೇ, ಗಣಿತದ ಮೇಷ್ಟ್ರು, ನಿವೃತ್ತರಾದ ಮರುದಿನವೇ ನಮ್ಮ ಕೋಣೆಗೆ ಬಂದು ಕೂತವರು. ಎಪ್ಪತ್ತು ದಾಟಿತ್ತು. ಒಂದೇ ಬದಲಾವಣೆಯನ್ನು ಒಪ್ಪಿ, ಒಪ್ಪಿದ್ದನ್ನು ಮರೆತು, ಮರುದಿನ ಅದನ್ನೇ ತಿರಸ್ಕರಿಸಿದರು. ಎರಡು ಸಲ ಹಾಗಾಯಿತು. ಹಾಳೆ ಹಿಡಿದು ಅವರ ಮನೆಗೇ ಹೋದೆ. ಸೊಸೆ ಕಾಫಿ ತಂದಿಟ್ಟಳು, ಅವರು ಕೀಲಿಯನ್ನು ಕೊರಳ ಸರದಿಂದ ಬಿಚ್ಚಿ ನನ್ನ ಮುಂದಿಟ್ಟರು. "ಒಪ್ಪಿಗೆ ಒತ್ತೋ ಹಕ್ಕು ತಗೊಂಡ್ಬಿಡಮ್ಮ, ಸರಿ. ಓದೋಕಾದ್ರೂ ಬಿಡು. ಬೆಳಿಗ್ಗೆ ಎದ್ದು ಏನು ಮಾಡ್ಲಿ ನಾನು?" ಎಂದರು. "ನಿಯಮ ಎಲ್ಲರಿಗೂ ಒಂದೇ ಮೇಷ್ಟ್ರೇ" ಎಂದೆ. ಕಾಫಿ ಕುಡಿಯದೆ ಎದ್ದುಬಂದೆ. ಏಳನೇ ಚೌಕದಲ್ಲಿ ಅವರು ಹಾಕಿದ ಸಹಿ ಗೆರೆ ಬಿಟ್ಟು ಕೆಳಗಿಳಿದಿತ್ತು. ಆ ಹಾಳೆ ಇನ್ನೂ ನನ್ನ ಕಡತದಲ್ಲಿದೆ.

ಮೇಷ್ಟ್ರು ಹೋದ ಮೇಲೆ ಕೋಡ್ ಓದಬಲ್ಲವಳು ಎಂದು ಉಳಿದದ್ದು ನಾನೊಬ್ಬಳು. ಜನಕ್ಕೇನೂ ಬರವಿಲ್ಲ ಬಿಡು. ಭಿತ್ತಿಪತ್ರ ಮಾಡುವವರು, ಫೋಟೋ ತೆಗೆಯುವವರು, ಸಭೆಯಲ್ಲಿ ನಾಲ್ಕು ಒಳ್ಳೆಯ ಮಾತಾಡುವವರು, ಎಲ್ಲ ಇದ್ದಾರೆ. ಕಮಿಟಿಗೆ ಹಲ್ಲಿನ ಡಾಕ್ಟರು ಅಧ್ಯಕ್ಷರಾದರು. ಮನುಷ್ಯ ಕೆಟ್ಟವರಲ್ಲ, ಆದರೆ ಏನು ಕೇಳಿದರೂ ರೋಗಿಗೆ ಹೇಳುವ ದನಿಯಲ್ಲೇ, ಏನೂ ಆಗಲ್ಲ ಬಿಡಿ, ಅನ್ನುತ್ತಾರೆ. ನನಗೆ ಇನ್ನೊಂದು ಜೊತೆ ಕಣ್ಣು ಬೇಕು, ಎರಡನೆಯ ಒಪ್ಪಿಗೆಗೆ ಜನ ಕೊಡಿ ಎಂದು ನಾಲ್ಕು ಸಭೆಯಲ್ಲಿ ಎದ್ದು ನಿಂತು ಹೇಳಿದೆ. "ನೋಡೋಣ ಬೀಗದಕ್ಕ, ಹೇಗೋ ನಡೀತಾ ಇದೆಯಲ್ಲ" ಎಂದರು. ಹೌದು, ಹೇಗೋ ನಡೆಯುತ್ತಿತ್ತು. ಹೇಗೆ ಎಂದು ಒಬ್ಬರೂ ಕೇಳಲಿಲ್ಲ.

ಆಮೇಲೆ ಆ ಸೋಮವಾರ ಬಂತು. ಹೊಸ ಆವೃತ್ತಿಯಲ್ಲಿ ನಾನು ಒಂದು ಸಾಲು ತೆಗೆದಿದ್ದೆ, ಬೇಡದ ಸಾಲು ಎಂದುಕೊಂಡು. ಹಳೆಯ ಕಂಪ್ಯೂಟರುಗಳಲ್ಲಿ ದನಿ ಶುರುವಾಗುತ್ತಿದ್ದದ್ದೇ ಆ ಸಾಲಿನಿಂದ. ಬೆಳಿಗ್ಗೆ ಎಂಟು ಗಂಟೆಯಿಂದ ಒಂದೊಂದಾಗಿ ಯಂತ್ರಗಳು ಮೂಕವಾದವು. ಕಣ್ಣಿರುವವರಿಗಾದರೆ ಪರದೆ ನೋಡಿ ಹಳೆಯದಕ್ಕೆ ಮರಳಬಹುದು. ಇವರಿಗೆ ದಾರಿ ಹೇಳಬೇಕಾದ ದನಿಯೇ ಹೋಗಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ನಾನು ಸರಿಪಡಿಸುವ ತನಕ ಫೋನು ಬಡಿದುಕೊಳ್ಳುತ್ತಲೇ ಇತ್ತು.

ನಮ್ಮ ಲಾಯರು ಗೊತ್ತಲ್ಲ, ಮೊದಲ ದಿನದಿಂದ ಬಳಸುತ್ತಿರುವವರು. ಅವತ್ತು ಅವರಿಗೆ ಕೋರ್ಟಿನಲ್ಲಿ ವಾದವಿತ್ತು. ಗಂಡನಿಂದ ಮಗುವನ್ನು ವಾಪಸು ಕೇಳುತ್ತಿದ್ದ ಹೆಂಗಸಿನ ಕೇಸು. ಟಿಪ್ಪಣಿಗಳೆಲ್ಲ ಯಂತ್ರದಲ್ಲಿ, ಯಂತ್ರ ತುಟಿ ಪಿಟಕ್ಕೆನ್ನುತ್ತಿಲ್ಲ. ತೋಚಿದ್ದನ್ನು ಹೇಳಿ ಕೂತರಂತೆ. ಸಂಜೆ ನನಗೆ ಫೋನ್ ಮಾಡಿ ಕೂಗಾಡಲಿಲ್ಲ. "ಮೇಡಂ, ನನ್ನ ಕಣ್ಣು ಹೋಗಿ ಮೂವತ್ತು ವರ್ಷ ಆಯ್ತು. ಇವತ್ತು ಆ ಹೆಂಗಸಿನ ಎದುರಿಗೆ ಇನ್ನೊಂದು ಸಲ ಹೋಯ್ತು. ಯಾರು ನೋಡಿ ಬಿಟ್ಟಿದ್ದು ಇದನ್ನ, ಅಷ್ಟು ಹೇಳಿ ಸಾಕು" ಎಂದರು. ನಾನು ಹೇಳಲಿಲ್ಲ. ವಿಚಾರಣೆ ಮಾಡುತ್ತೇವೆ ಎಂದೆ, ದೊಡ್ಡ ಮನುಷ್ಯರ ಹಾಗೆ.

ವಿಚಾರಣೆ ಆಯಿತು. ಡಾಕ್ಟರು ದಾಖಲೆ ತೆಗೆಸಿದರು. ಬರೆದವಳು ನಾನು, ಒಪ್ಪಿದವಳು ನೀನು ಎಂದಿತ್ತು. ಅದನ್ನು ನೋಡಿ, ನೀನು ದೂರದ ಊರಿನಿಂದಲೇ ಇಷ್ಟು ವರ್ಷ ನೋಡಿಕೊಡುತ್ತಿದ್ದೀಯ ಎಂದೇ ಎಲ್ಲರೂ ನಂಬಿದರು. ತಪ್ಪು ಬರೆಯುವುದು ಮನುಷ್ಯರಿಗೆ ಸಹಜ, ಅದಕ್ಕೇ ಎರಡನೆಯವರು ಇರುವುದು, ಆದ್ದರಿಂದ ದೊಡ್ಡ ತಪ್ಪು ನೋಡದೆ ಒಪ್ಪಿದವರದ್ದು ಎಂದು ತೀರ್ಮಾನಿಸಿದರು. ಬಿಟ್ಟುಹೋದವಳ ಹಕ್ಕನ್ನು ತೆಗೆಯದೆ ಹಾಗೇ ಬಿಟ್ಟದ್ದು ನನ್ನ ತಪ್ಪು. ಯಾಕೆ ತೆಗೆಯಲಿಲ್ಲ ಎಂದು ಕೇಳಿದರು. ಮರೆತೆ ಎಂದೆ.

ತಂಡದಿಂದ ತೆಗೆಯಲು ನನ್ನನ್ನು ಕರೆಸಿದ್ದು ಡಾಕ್ಟರ ಕ್ಲಿನಿಕ್ಕಿಗೆ, ರೋಗಿಗಳೆಲ್ಲ ಹೋದ ಮೇಲೆ. ಗೋಡೆಯ ಮೇಲೆ ಬಾಯಿ ಅಗಲಿಸಿದ ದೊಡ್ಡ ಚಿತ್ರ, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. ಅವರ ಕೈಯಲ್ಲಿ ನಾನೇ ಮಾಡಿದ ಹಾಳೆ. "ಬೇಜಾರು ಮಾಡ್ಕೋಬೇಡಿ ಬೀಗದಕ್ಕ, ನಿಮ್ಮದೇ ನಿಯಮ" ಎಂದರು. ಮೇಲ್ ಮುಚ್ಚಿದರು. ಕೋಡ್ ಮುಚ್ಚಿದರು. ಒಂದೊಂದು ಮುಚ್ಚಿದಾಗಲೂ ಅವರ ಫೋನು ಟಿಣ್ ಎನ್ನುತ್ತಿತ್ತು. ಗೋಡೆಯ ಗಡಿಯಾರ ನೋಡುತ್ತಿದ್ದೆ, ಹದಿನಾಲ್ಕು ವರ್ಷಕ್ಕೆ ಹನ್ನೊಂದು ನಿಮಿಷ ಸಾಕಾಯಿತು. ಸಹಿ ಹಾಕಲು ಹೋದರೆ ನನ್ನ ಪೆನ್ನು ಬರೆಯಲಿಲ್ಲ, ಟೂತ್‌ಪೇಸ್ಟಿನ ಜಾಹೀರಾತಿದ್ದ ಪೆನ್ನು ಕೊಟ್ಟರು. ಹೊರಡುವಾಗ, "ಪೆನ್ನು ಇಟ್ಕೊಳ್ಳಿ, ಪರವಾಗಿಲ್ಲ" ಎಂದರು. ಎಷ್ಟು ಉದಾರ ಮನಸ್ಸು ನೋಡು.

ಈಗ ನಾನು ಕೋಡ್ ಓದುವಂತೆಯೂ ಇಲ್ಲ. ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ತಿಳಿಯದೆ, ಮೊನ್ನೆ ತಂಗಿಯ ಬೀರುವಿನ ಸೀರೆಗಳನ್ನೆಲ್ಲ ತೆಗೆದು ಮತ್ತೆ ಮಡಚಿಟ್ಟೆ. ಮೇಷ್ಟ್ರ ಮನೆಗೆ ಹೋಗೋಣವೆಂದು ಬಾಗಿಲ ತನಕ ಹೋಗಿ ವಾಪಸು ಬಂದೆ. ಒಂದು ಫೋನಿಲ್ಲ, ಒಂದು ಸಂದೇಶವಿಲ್ಲ. ಯಾರಿಗಾಗಿ ಕಣ್ಣು ಕೆಡಿಸಿಕೊಂಡೆನೋ ಅವರೇ ಕೈ ತೊಳೆದುಕೊಂಡರು. ಹೊಸಬರು ಇಬ್ಬರು ಬಂದಿದ್ದಾರಂತೆ, ಎರಡನೆಯ ಒಪ್ಪಿಗೆಗೆ. ನಾನಿದ್ದಾಗ ಸಿಗದ ಜನ ನಾನು ಹೋದ ವಾರವೇ ಸಿಕ್ಕರು.

ಇನ್ನು ನಿನ್ನ ಕೀಲಿ. ಅವತ್ತು ಬಸ್ ನಿಲ್ದಾಣದಲ್ಲಿ ನಿನ್ನ ಮೂರು ಪೆಟ್ಟಿಗೆ, ಆ ನೂಕುನುಗ್ಗಲು, ನಿನ್ನ ಅಳು, ನನ್ನ ಗೊಣಗಾಟ. ಕೊಟ್ಟಿರಬಹುದು. ನನ್ನ ಕೈಯಿಂದ ಎಲ್ಲಾದರೂ ಕಳೆದಿದ್ದರೂ ಕಳೆದಿರಬಹುದು. ಯಾರ ಕೈಗೆ ಸಿಕ್ಕಿತೋ, ಯಾರು ಒತ್ತಿದರೋ. ಗ್ರಂಥಾಲಯದವರಿಗೆ ಹಾಗೇ ಬರೆದುಬಿಡು, ಕೀಲಿ ಕಳುವಾಗಿತ್ತು ಎಂದು. ಮೂರು ಪತ್ರದ ಬಗ್ಗೆ ನನಗೇನು ಗೊತ್ತು.

ಆರೋಗ್ಯ ನೋಡಿಕೋ. ಚಿಕ್ಕವಳಿಗೆ ಗಣಿತ ಹತ್ತುವುದಿಲ್ಲ ಎಂದಿದ್ದೆಯಲ್ಲ, ಬಯ್ಯಬೇಡ, ಲೆಕ್ಕದ ಮುಂದೆ ಯಾರೂ ಬಯ್ಗುಳದಿಂದ ಬುದ್ಧಿವಂತರಾಗಿಲ್ಲ. ಇಬ್ಬರು ಹುಡುಗಿಯರೂ ನೂರು ಕಾಲ ಬಾಳಲಿ, ನಿನ್ನ ಮನೆ ನಿನ್ನ ಗಲಾಟೆಯಿಂದ ತುಂಬಿರಲಿ. ಆ ಕೆಲಸ ನಿನಗೇ ಸಿಗಲಿ. ಇಷ್ಟು ಮಾತ್ರ ಹೊಟ್ಟೆಯೊಳಗಿಂದ ಹೇಳುತ್ತಿದ್ದೇನೆ.

ಎಂದೆಂದಿಗೂ ನಿನ್ನ,
ಗೊಣಗಿ

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ. ತಂಗಿ ಕೈ ಒರೆಸಿಕೊಳ್ಳುತ್ತಾ ಬಂದು, "ಅವಳು ಕೇಳಿದ್ದಕ್ಕೆ ಉತ್ತರ ಬರೆದೆಯಾ?" ಎಂದಳು. ಬರೆದೆ ಎಂದೆ. "ಹಾಗಾದ್ರೆ ಓದು, ನಾನೂ ಕೇಳ್ತೀನಿ" ಎಂದಳು. ಓದಲು ಆಗಲಿಲ್ಲ. ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ಮೇಲಿನದನ್ನು ಹರಿಯಲಿಲ್ಲ, ನಾನು ಎಂಥವಳು ಎಂದು ನಿನಗೆ ಗೊತ್ತಾಗಲಿ.

ಕೀಲಿ ಕಳೆದಿಲ್ಲ. ನೀನು ಕೊಟ್ಟಿದ್ದೆ, ನಾನು ಇಟ್ಟುಕೊಂಡೆ, ಈಗಲೂ ನನ್ನ ಕೈಚೀಲದ ಒಳಜೇಬಿನಲ್ಲಿದೆ. ಕಳ್ಳರು ಯಾರೂ ಬಂದಿಲ್ಲ. ಹೆಚ್ಚುಕಡಿಮೆ ಮೂರು ವರ್ಷ ನಿನ್ನ ಹೆಸರಿನಲ್ಲಿ ಒಪ್ಪಿಗೆ ಒತ್ತಿದವಳು ನಾನು. ಅವರ ಮೂರು ಪತ್ರವೂ ಬಂದಿದ್ದು ತಂಡದಲ್ಲಿದ್ದ ನಿನ್ನ ಹಳೆಯ ಇ-ಮೇಲಿಗೆ. ಅದನ್ನು ತೆರೆಯುತ್ತಿದ್ದವಳೂ ನಾನೇ. ಮೂರನ್ನೂ ಓದಿದೆ, ಮೂರಕ್ಕೂ ನಿನ್ನ ಹೆಸರಿನಲ್ಲಿ ಸುಮ್ಮನಿದ್ದೆ. ವರದಿಯನ್ನು ತಿದ್ದೋಣವೆಂದರೆ ಆ ಪುಟ ಮುಟ್ಟುವ ಹಕ್ಕು ನನಗೀಗ ಇಲ್ಲ. ಡಾಕ್ಟರ ಎದುರು ಹೋಗಿ ನಿಲ್ಲುವ ಧೈರ್ಯ ಆರು ವಾರದಲ್ಲಿ ಬರಲಿಲ್ಲ, ಇನ್ನೊಂದು ವಾರದಲ್ಲಿ ಬರುವ ಹಾಗೂ ಕಾಣುವುದಿಲ್ಲ. ಈ ಹಾಳೆ ನನ್ನ ಕೈಬರಹದಲ್ಲಿದೆ, ಹಿಂಬದಿಯಲ್ಲಿ ಪೂರ್ತಿ ಸಹಿ ಹಾಕುತ್ತೇನೆ. ಗ್ರಂಥಾಲಯಕ್ಕೂ ಕಳಿಸು, ಕಮಿಟಿಗೂ ಕಳಿಸು, ಲಾಯರಿಗೂ ಕಳಿಸು. ಮೂವತ್ತಕ್ಕೆ ಮುಂಚೆ ನಿನಗೆ ತಲುಪುವಂತೆ ತಂಗಿಯೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಬರುತ್ತಾಳೆ. ನನ್ನ ಕೈಗೆ ಕೊಡುವುದಿಲ್ಲವಂತೆ.

ಮೊದಲ ಸಲ ಮಾಡಿದ್ದು ಬೇರೆ ದಾರಿ ಇಲ್ಲದೆ. ಮೇಷ್ಟ್ರಿಲ್ಲ, ನೀನಿಲ್ಲ, ತುರ್ತು ಬೇರೆ. ಇದೊಂದೇ ಸಲ ಎಂದುಕೊಂಡೆ. ಆಮೇಲೆ ಅದೇ ಅಭ್ಯಾಸವಾಯಿತು. ಆದರೆ ಮೋಸದ ಒಪ್ಪಿಗೆ ಆಗಿರಲಿಲ್ಲ ಕಣೇ. ನಾನಾಗಿ ಬರೆದು ಮುಗಿಸಿ, ಎದ್ದು ಮುಖ ತೊಳೆದು, ಕಿಟಕಿ ಪಕ್ಕದ ನಿನ್ನ ಕುರ್ಚಿಯಲ್ಲಿ ಕೂತು, ನಿನ್ನ ಕೀಲಿ ಚುಚ್ಚಿ, ಮೊದಲಿನಿಂದ ಓದುತ್ತಿದ್ದೆ, ನೀನು ಓದುವ ಹಾಗೆ, ಪ್ರತಿ ಸಾಲಿಗೂ ತಗಾದೆ ತೆಗೆಯುತ್ತಾ. ತಪ್ಪು ಸಿಕ್ಕರೆ ನಿನ್ನ ಹೆಸರಿನಲ್ಲಿ ನನಗೇ ಬಯ್ದು ಬರೆಯುತ್ತಿದ್ದೆ. 'ಗೊಣಗಿ, ಕಣ್ಣು ಎಲ್ಲಿಟ್ಟಿದ್ದೆ?' ಆಮೇಲೆ ನನ್ನ ಕುರ್ಚಿಗೆ ಬಂದು ನಿನಗೆ ಎದುರುತ್ತರ ಕೊಡುತ್ತಿದ್ದೆ. ಎಷ್ಟೋ ತಪ್ಪು ಹಾಗೆ ಸಿಕ್ಕಿವೆ. ನೀನು ಹೋದ ಮೇಲೆ ನನ್ನ ಜೊತೆ ಜಗಳವಾಡಲು ಇನ್ಯಾರಿದ್ದರು ಹೇಳು.

ಆ ಸೋಮವಾರದ ಹಿಂದಿನ ಶನಿವಾರ ನಿನ್ನ ಫೋನು ಬಂದಿತ್ತು. ನೀನು ಒಂದು ಗಂಟೆ ಮಾತಾಡಿದೆ. ದೊಡ್ಡವಳ ಪರೀಕ್ಷೆ, ಚಿಕ್ಕವಳ ಜ್ವರ, ಹೊಸ ಪರದೆಗಳ ಬಣ್ಣ. ನಮ್ಮ ಕೆಲಸದ ಬಗ್ಗೆ ಒಂದು ಮಾತು ಕೇಳುತ್ತೀಯ ಎಂದು ಕಾದೆ, ಕೇಳಲಿಲ್ಲ. ಯಾರೋ ಬಾಗಿಲು ತಟ್ಟಿದರು ಎಂದು ನೀನೇ ಫೋನು ಇಟ್ಟುಬಿಟ್ಟೆ. ನನ್ನೆದುರು ಹೊಸ ಆವೃತ್ತಿ ತೆರೆದಿತ್ತು, ಆ ಸಾಲು ತೆಗೆದು ಆಗಷ್ಟೇ ಮುಗಿಸಿದ್ದೆ. ಅವತ್ತು ಏಳಲಿಲ್ಲ, ಮುಖ ತೊಳೆಯಲಿಲ್ಲ, ನಿನ್ನ ಕುರ್ಚಿಗೂ ಹೋಗಲಿಲ್ಲ. ಕೂತಲ್ಲೇ ಕೀಲಿ ಚುಚ್ಚಿ, ನಿನ್ನ ಮೇಲಿನ ಸಿಟ್ಟಿಗೆ, ನಿನ್ನ ಹೆಸರಿನಲ್ಲಿ, ನೋಡದೆ ಒತ್ತಿದೆ.